ಚಿಕ್ಕವರು ಮೊದಲು

ಅಪ್ಪಾ,

ನಿಮ್ಮನ್ನು ಕರೆದುಕೊಂಡು ಹೋದ ಕಾಯಿಲೆಯೇ ನನಗೂ ಬಂದಿದೆ. ಗುದನಾಳದ ಕ್ಯಾನ್ಸರ್. ಪಿಸುಗುಟ್ಟದೆ ಗಟ್ಟಿಯಾಗಿಯೇ ಹೇಳುತ್ತೇನೆ, ನಿಮಗೆ ಇಷ್ಟವಾಗದಿದ್ದರೂ ಸರಿ.

ಇವತ್ತು ಆಸ್ಪತ್ರೆಯಲ್ಲಿ ನನ್ನ ಬಗ್ಗೆ ಡಾಕ್ಟರುಗಳ ಸಭೆಯಿತ್ತು. ಹಟ ಹಿಡಿದು ನಾನೂ ಹೋಗಿ ಕೂತೆ. ಆಪರೇಷನ್ ಮಾಡುವವರು, ಕಿಮೊ ಕೊಡುವವರು, ರೇಡಿಯೇಷನ್‌ನವರು, ಸ್ಕ್ಯಾನ್ ನೋಡುವವರು, ನರ್ಸ್, ಎಲ್ಲರೂ ಒಂದೇ ಮೇಜಿನ ಸುತ್ತ ಇದ್ದರು. ಅಲ್ಲೊಂದು ಪದ್ಧತಿಯಿದೆ: ಎಲ್ಲರಿಗಿಂತ ಚಿಕ್ಕವರು ಮೊದಲು ಮಾತಾಡಬೇಕು.

ಸ್ಕ್ಯಾನ್ ನೋಡುವ ಹುಡುಗಿ, "ಈಗಲೇ ಆಪರೇಷನ್ ಬೇಡ ಸರ್. ಗಡ್ಡೆ ನಾವು ಕತ್ತರಿಸಬೇಕಾದ ಅಂಚಿನ ತನಕ ಬಂದಿದೆ, ಈಗ ತೆಗೆದರೆ ಸ್ವಲ್ಪ ಒಳಗೇ ಉಳಿಯಬಹುದು. ಮೊದಲು ರೇಡಿಯೇಷನ್, ಕಿಮೊ ಕೊಟ್ಟು ಕುಗ್ಗಿಸೋಣ" ಎಂದಳು.

ಹಿರಿಯ ಸರ್ಜನ್ ಹುಬ್ಬು ಗಂಟಿಕ್ಕಿ ಸ್ಕ್ಯಾನನ್ನು ಮತ್ತೊಮ್ಮೆ ನೋಡಿದರು. ಆಮೇಲೆ ನಕ್ಕರು. "ನಾನು ಈ ವಾರವೇ ಆಪರೇಷನ್ ಅನ್ನೋನಿದ್ದೆ. ನಾನೇ ಮೊದಲು ಮಾತಾಡಿದ್ದಿದ್ರೆ ಇವಳು ತುಟಿ ಬಿಚ್ತಿರಲಿಲ್ಲ."

ಕೊನೆಗೆ ನನ್ನನ್ನು ಕೇಳಿದರು. "ಮಲ ಹೋಗೋಕೆ ಹೊಟ್ಟೆಗೆ ಚೀಲ ಹಾಕ್ಬೇಕಾಗಿ ಬಂದ್ರೂ ಹಾಕಿ. ಕಟ್ಕೊಂಡೇ ಕೆಲಸಕ್ಕೆ ಹೋಗ್ತೀನಿ" ಎಂದೆ.

ಆ ಚೀಲ ಕಟ್ಟಿಕೊಂಡು ಬದುಕುವುದಕ್ಕಿಂತ ಸಾಯುವುದೇ ವಾಸಿ ಎಂದು ನೀವು ಆಪರೇಷನ್ನೇ ಬೇಡವೆಂದಿರಿ. ನಿಮ್ಮ ಮಾತಿಗೆ ಎದುರಾಡಿದವರು ನಮ್ಮ ಮನೆಯಲ್ಲಿ ಯಾರಿದ್ದರು? ಅಣ್ಣ ತಲೆ ತಗ್ಗಿಸಿದ. ಅಮ್ಮ ಎದ್ದು ಒಳಗೆ ಹೋದಳು. ಆಮೇಲೆ ಯಾರೂ ಆ ವಿಷಯ ಎತ್ತಲಿಲ್ಲ.

ಆಸ್ಪತ್ರೆಯ ಆ ಪದ್ಧತಿ ನಮ್ಮ ಮನೆಯಲ್ಲಿದ್ದಿದ್ದರೆ ಅವತ್ತು ಮೊದಲು ಮಾತಾಡಬೇಕಾದವಳು ನಾನು. ನಿಮ್ಮನ್ನು ಸುಮ್ಮನೆ ಬಿಡುತ್ತಿರಲಿಲ್ಲ, ಅಪ್ಪಾ.