ದಡ ಸೇರಿದ ಮೇಲೆ ಹೇಳಿದ ಸುದ್ದಿ

ಕೆಂಡಲ್ ಪಾರ್ಕ್, ಭಾನುವಾರ

ಅಕ್ಕಾ, ಕ್ಷೇಮ. ಬೆನ್ನುನೋವು ಹಾಗೇ ಇದೆ, ಮಾತ್ರೆ ನುಂಗುತ್ತಿದ್ದೇನೆ.

ನಿನ್ನೆ ಆಸ್ಪತ್ರೆಯ ಡ್ಯೂಟಿ ಮುಗಿಸಿ ಕಣ್ಣು ಎಳೆಯುತ್ತಿದ್ದರೂ, ಪಕ್ಕದ ಮನೆಯ ವೃದ್ಧ ದಂಪತಿ ವಾಲ್ಟರ್, ರೂತ್ ಅವರನ್ನು ಹಳೆಯ ನಾವಿಕರ ಕೂಟಕ್ಕೆ ಕರೆದೊಯ್ದೆ. ವಾಲ್ಟರ್ ದುಡಿದ ಅಣುಶಕ್ತಿ ಜಲಾಂತರ್ಗಾಮಿಯನ್ನು ಮೂವತ್ತು ವರ್ಷದ ಸೇವೆಯ ನಂತರ ಕತ್ತರಿಸಿ ಗುಜರಿಗೆ ಹಾಕಿದರಂತೆ. ಅದರ ಮುದಿ ಕ್ಯಾಪ್ಟನ್ ಅದು ಸುತ್ತಿದ ಕಡಲುಗಳ ಕಥೆ ಹೇಳಿದರು. ಉತ್ತರ ಧ್ರುವದ ಮಂಜುಗಡ್ಡೆಯ ಕೆಳಗೆ ಹೋದ ಸಲ, ನಡುವೆ ಹಿಂದಿರುಗುವಂತಿರಲಿಲ್ಲವೆಂದು, ನಾವಿಕರ ಮನೆಗಳಿಂದ ಸಾವಿನ ಸುದ್ದಿ ಬಂದರೂ ದಡ ಸೇರುವವರೆಗೆ ಅವರು ಯಾರಿಗೂ ತಿಳಿಸಲಿಲ್ಲವಂತೆ.

ರೂತ್ ಎದ್ದು ನಿಂತರು. "ನಮ್ಮ ಮಗು ಹೋದದ್ದನ್ನೂ ವಾಲ್ಟರ್‌ಗೆ ಹೇಳಿರಲಿಲ್ವಾ?"

"ಇಲ್ಲ ರೂತ್. ಬಂದರಿಗೆ ಬಂದ ಮೇಲೇ ಹೇಳಿದ್ದು," ಎಂದರು ಕ್ಯಾಪ್ಟನ್.

ಗಂಡ ಗೊತ್ತಿದ್ದೂ ಬರಲಿಲ್ಲ ಎಂದೇ ಆಕೆ ಇಷ್ಟು ವರ್ಷ ನಂಬಿದ್ದರು. ತನಗೆ ಗೊತ್ತೇ ಇರಲಿಲ್ಲವೆಂದು ವಾಲ್ಟರ್ ಎಷ್ಟು ಹೇಳಿದರೂ ಆಕೆ ಕೇಳಿರಲಿಲ್ಲ.

ವಾಪಸು ಬರುವಾಗ ರೂತ್, "ಸ್ಮಶಾನದ ಹತ್ರ ಸ್ವಲ್ಪ ನಿಲ್ಲಿಸ್ತೀಯಾ?" ಎಂದರು. ಆ ಪುಟ್ಟ ಸಮಾಧಿಗೆ ಇಬ್ಬರೂ ಜೊತೆಯಾಗಿ ಹೋದದ್ದು ಅದೇ ಮೊದಲು. ನಾನು ಕಾರಿನಲ್ಲೇ ನಿದ್ದೆಹೋದೆ. ಎಚ್ಚರವಾದಾಗ ಇಬ್ಬರೂ ಹಿಂದಿನ ಸೀಟಿನಲ್ಲಿ ಕೈ ಹಿಡಿದು ಕೂತಿದ್ದರು, ನನ್ನನ್ನು ಎಬ್ಬಿಸಿರಲಿಲ್ಲ.

ಕಾರ್ಡು ತುಂಬಿತು.
ವಿಭಾ