ನಡುಮನೆಯಲ್ಲಿ ಸೊಣ್ಣಮ್ಮ

೩ ಮಾರ್ಚ್ ೧೯೬೧, ಶುಕ್ರವಾರ
ಸ್ನಾನ, ಸಂಧ್ಯೆ, ಎರಡು ದೋಸೆ. ಆಫೀಸಿಗೆ ತಡವಾಗಿತ್ತು. ಜಯನಗರ ಫೋರ್ತ್ ಬ್ಲಾಕ್ ತಿರುವಿನಲ್ಲಿ ಜಲ್ಲಿ ಸುರಿದಿದ್ದರು — ಸ್ಕೂಟರ್ ಜಾರಿತು. ಎದುರಿಗೆ ಸೊಣ್ಣಮ್ಮ, ಅರೆಕೆರೆಯಿಂದ ದಿನಾ ನಮ್ಮ ಬೀದಿಗೆ ಮೊಸರು ತರುವವಳು. ಗುದ್ದಿಬಿಟ್ಟೆ. ಏಳಲು ಹೋದಳು, ಆಗಲಿಲ್ಲ. ಜಟಕಾದಲ್ಲಿ ಆಸ್ಪತ್ರೆಗೆ. ಪ್ರತಿ ಹಳ್ಳಕ್ಕೂ ನನ್ನ ಕೈ ಹಿಂಡುತ್ತಿದ್ದಳು.
ಸೊಂಟದ ಮೂಳೆ ಎರಡು ಕಡೆ ಮುರಿದಿದೆ. ಆಪರೇಷನ್ ಬೇಡವಂತೆ. ಎಂಟು ವಾರ ಮಲಗಿರಬೇಕು.

೪ ಮಾರ್ಚ್
ಸೊಂಟದಡಿ ಕ್ಯಾನ್‌ವಾಸ್ ಜೋಲಿ, ಮೇಲೆ ಹಗ್ಗ, ರಾಟೆ, ತೂಕ.
"ಈ ವಯಸ್ನಾಗೆ ತೊಟ್ಲಿಗೆ ಹಾಕವ್ರೆ ನೋಡಿ, ಸಾಮಿ."
ಪೊಲೀಸ್ ಬಂದಾಗ ಹೇಳಿದಳು: "ಅವರದೇನೂ ತಪ್ಪಿಲ್ಲ ಕಣಪ್ಪ. ಜಲ್ಲಿ ಮ್ಯಾಲೆ ಗಾಡಿ ಜಾರ್ತು."
ಜಲ್ಲಿ ನಿಜ. ನನ್ನ ವೇಗವೂ ನಿಜ. ಬಾಯಿ ತೆರೆಯಲಿಲ್ಲ.

೨೬ ಮಾರ್ಚ್, ಭಾನುವಾರ
ಜೋಲಿ ಬಿಚ್ಚಿದರು. ಒಂಟಿ ಹೆಂಗಸು, ನೋಡಿಕೊಳ್ಳುವವರಿಲ್ಲ. ಮನೆಗೆ ಕರೆತಂದೆ. ನಡುಮನೆಯಲ್ಲಿ ಹಲಗೆ ಮಂಚ.
"ಮಡಿ ಗತಿ ಏನೋ, ಸೀನು?" — ಅಮ್ಮ.
ಮಧ್ಯಾಹ್ನ ಸೊಣ್ಣಮ್ಮ ತುಟಿ ಕಚ್ಚಿ ಗೋಡೆ ನೋಡುತ್ತಿದ್ದಳು. ಅರ್ಥವಾಯಿತು. ಬೆಡ್‌ಪ್ಯಾನ್ ಎತ್ತಿಕೊಂಡೆ. ಅವಳು ಅತ್ತೇಬಿಟ್ಟಳು. ಅಮ್ಮ ನನ್ನ ಕೈಯಿಂದ ಕಿತ್ತುಕೊಂಡರು.
"ನೀನು ಆಚೆ ಹೋಗು."
ಆಮೇಲೆ ಅಮ್ಮನಿಗೆ ತಲೆಗೆ ಸ್ನಾನ. ಸಂಜೆ ಮತ್ತೊಮ್ಮೆ.

೯ ಏಪ್ರಿಲ್
ಬೆನ್ನಿನ ಮೇಲೆ ಕೆಂಪು ಮಚ್ಚೆ. ಹುಣ್ಣಾಗಬಾರದು ಎಂದಿದ್ದಾರೆ ಡಾಕ್ಟರು. ಎರಡು ಗಂಟೆಗೊಮ್ಮೆ ಮೆಲ್ಲಗೆ ಮಗ್ಗುಲಿಗೆ ಒರಗಿಸಿ, ಸ್ಪಿರಿಟ್ ಸವರಿ, ಪೌಡರ್ ಹಾಕಬೇಕು. ಪ್ರತಿ ಸಲವೂ ಅಮ್ಮನಿಗೆ ಸ್ನಾನ. ಕೆಮ್ಮು ಹಿಡಿದಿದೆ.
"ಅಮ್ಮಾವ್ರೇ, ನನ್ನಿಂದ ನೀವು ಮಲಗ್ಬೇಡಿ. ನನ್ನ ಆಸ್ಪತ್ರೆಗೇ ಬುಟ್ಬುಡಿ."
"ಬಾಯ್ಮುಚ್ಕೊಂಡು ಆ ಕಡೆ ತಿರುಗು" ಎಂದರು ಅಮ್ಮ. ಪೌಡರ್ ಹಚ್ಚಿದರು. ಕೈ ತೊಳೆದರು. ನೇರ ಅಡಿಗೆಮನೆಗೆ ಹೋದರು…

೧೫ ಏಪ್ರಿಲ್
ಹೇಳಿಬಿಟ್ಟೆ. "ಬರೀ ಜಲ್ಲಿ ಅಲ್ಲ, ಸೊಣ್ಣಮ್ಮ. ಜೋರಾಗಿ ಬರ್ತಿದ್ದೆ. ಪೊಲೀಸ್ ಮುಂದೆ ಸುಮ್ಮನಿದ್ದೆ."
ಮುಖ ಗೋಡೆಗೆ ತಿರುಗಿಸಿದಳು.
"ಅವತ್ತೇ ಹೇಳಿದ್ರೆ ಚೆನ್ನಾಗಿ ಬೈತಿದ್ದೆ, ಸಾಮಿ. ಈಗ ಅಮ್ಮಾವ್ರು ಕೇಳಿಸ್ಕೋತಾರೆ."
ನಗಲಿಲ್ಲ. ಕಣ್ಣೊರೆಸಿಕೊಂಡಳು.

೧೮ ಏಪ್ರಿಲ್
ಮೂರು ದಿನದಿಂದ ನನ್ನೊಡನೆ ಮಾತಿಲ್ಲ. ಇಂದು ಬೆಳಿಗ್ಗೆ — "ಒಸಿ ನೀರು ಕೊಡಿ."
ಕೊಟ್ಟೆ.

೨೯ ಏಪ್ರಿಲ್
ಎಕ್ಸ್-ರೇ. ಮೂಳೆ ಕೂಡುತ್ತಿದೆ! ಅಮ್ಮ ಒಂದು ಕಡೆ, ನಾನು ಒಂದು ಕಡೆ ಹಿಡಿದು ನಿಲ್ಲಿಸಿದೆವು.
"ಅಯ್ಯೋ, ನೆಲ ಎಷ್ಟು ದೂರ ಐತೆ!"
ಒಂದು ಹೆಜ್ಜೆ. ಬೆವರಿಬಿಟ್ಟಳು. ಅಮ್ಮನೂ.

೪ ಜೂನ್, ಭಾನುವಾರ
ಕೋಲು ಹಿಡಿದು ಗೇಟಿನವರೆಗೆ ಒಬ್ಬಳೇ ಹೋಗಿ ಬರುತ್ತಾಳೆ ಈಗ. ಇನ್ನು ತನ್ನ ಮನೆಗೆ ಎಂದು ಹಟ. ಎತ್ತಿನ ಗಾಡಿಗೆ ದಪ್ಪಗೆ ಹುಲ್ಲು ಹಾಸಿಸಿದೆ. ಅವಳನ್ನು ಕೂರಿಸಿ ತಿರುಗಿದರೆ ಅಮ್ಮನೂ ಹತ್ತಿ ಕೂತಿದ್ದಾರೆ!
"ಎರಡೇ ದಿನ. ಅಲ್ಲಿ ನೀರು-ನಿಡಿ ಹೇಗೋ ಏನೋ, ನೋಡಿ ಬರ್ತೀನಿ."

೧೧ ಜೂನ್, ಭಾನುವಾರ
ವಾರವಾದರೂ ಅಮ್ಮ ಬರಲಿಲ್ಲ. ಕರೆತರಲು ಅರೆಕೆರೆಗೆ ಹೋದೆ. ಮನೆಗೆ ಚಿಲಕ. ಕೆರೆ ಏರಿಯ ಮೇಲೆ ಕಂಡರು, ಇಬ್ಬರೂ. ಸೊಣ್ಣಮ್ಮ ಕೋಲೂರಿ, ನಿಂತು ನಿಂತು ನಡೆಯುತ್ತಿದ್ದಳು. ಅಮ್ಮ, ಮನೆಯಲ್ಲಿ ಸದಾ ಓಡಾಡುವ ನನ್ನಮ್ಮ, ಅವಳಿಗಿಂತಲೂ ಅರ್ಧ ಹೆಜ್ಜೆ ಹಿಂದೆ… ಬೇಕೆಂದೇ.
ಕೂಗಬೇಕೆಂದುಕೊಂಡೆ. ಕೂಗಿದರೆ ನಿಂತುಬಿಡುತ್ತಾರೆ — ಅಷ್ಟು ದೂರದಲ್ಲೇ ಹಿಂದೆ ನಡೆದೆ.