ಬೆಳ್ಳಿಯ ಹೆಸರು

ಮಾರ್ಚ್ ೩, ಬೆಳಿಗ್ಗೆ
ಮತ್ತೆ ಉಪ್ಪುನೀರು ಮುಕ್ಕಳಿಸಿದ್ದಾಯ್ತು. ನಿನ್ನೆ ಹರಾಜಿನಲ್ಲಿ ಎರಡು ಬೀರು ಮಾರುವಷ್ಟರಲ್ಲಿ ದನಿ ಕೈಕೊಟ್ಟಿತು. ಹರಾಜು ಕೂಗಿಯೇ ಮನೆ ಕಟ್ಟಿದವನು ನಾನು. ಜನ ಇಟ್ಟ ಹೆಸರು ಬೆಳ್ಳಿಗಂಟಲು. ಈಗ ಎಣ್ಣೆ ಕಾಣದ ಬಾಗಿಲು.
"ರೀ, ಮುರುಕು ಕುರ್ಚಿಗೂ ಗಿರಾಕಿ ಹುಡುಕ್ತೀರಿ. ಗಂಟಲಿಗೊಬ್ಬ ಡಾಕ್ಟರ್ ಸಿಗಲಿಲ್ವಾ?" — ಹೆಂಡತಿ.

ಮಾರ್ಚ್ ೬
ಡಾಕ್ಟರಿಗೆ ತೋರಿಸಿದ್ದಾಯ್ತು. ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕಂತೆ, ಹದಿನಾಲ್ಕಕ್ಕೆ. ಜೀವ ಉಳಿಯುತ್ತೆ, ದನಿ ಹೋಗುತ್ತೆ. ಚೌಕಾಸಿ ಮಾಡಿ ನೋಡಿದೆ — "ಅರ್ಧ ತೆಗೆದು ಅರ್ಧ ಬಿಡಿ ಡಾಕ್ಟ್ರೇ." ನಗಲಿಲ್ಲ. ಸಾಕಾಗಿದೆ…

ಮಾರ್ಚ್ ೧೦
ಮುಚ್ಚಿದ ಸ್ಕೂಲೊಂದರ ಸಾಮಾನು ಬಂತು. ಅದರಲ್ಲೊಂದು ಹಳೇ ಗ್ಲೋಬು. ನಮ್ಮ ಖಾಯಂ ಗಿರಾಕಿ, ರಿಟೈರ್ಡ್ ಮೇಷ್ಟ್ರು, ಅರ್ಜೆಂಟೀನಾ ಮೇಲೆ ಬೆರಳಿಟ್ಟರು. ಲ್ಯಾಟಿನ್‌ನಲ್ಲಿ ಅರ್ಜೆಂಟಮ್ ಅಂದರೆ ಬೆಳ್ಳಿಯಂತೆ. ಬೆಳ್ಳಿ ಆಸೆಗೆ ಹೋದವರಿಗೆ ಅಲ್ಲಿ ಹೇಳಿಕೊಳ್ಳುವಷ್ಟು ಸಿಗಲಿಲ್ಲ. ಹೆಸರು ಮಾತ್ರ ನಿಂತಿತು. ಸರಕಿಲ್ಲದ ಅಂಗಡಿಗೆ ಬೋರ್ಡು!
ಊಟಕ್ಕೆ ಕೂತಾಗ ಇವಳಿಗೂ ಈ ಕಥೆ ಹೇಳಿ ಅಂದೆ, "ಹದಿನಾಲ್ಕರಿಂದ ನಾನೂ ಆ ದೇಶವೇ ಕಣೆ."
"ಆ ದೇಶದವರೇನು ಊಟ ಬಿಟ್ಟು ಕೂತಿದಾರಾ? ತಿನ್ನಿ."

ಮಾರ್ಚ್ ೧೨
ಕೊನೇ ಹರಾಜು. ಗ್ಲೋಬನ್ನು ಕಡೆಗಿಟ್ಟುಕೊಂಡೆ. ಬೆಳ್ಳಿ ಕಥೆ ಹೇಳಿದೆ, ಜನ ನಕ್ಕರು. ಮೇಷ್ಟ್ರು ಸವಾಲು ಹಾಕಿದರು. ಒಂದು ಸಾರಿ… ಎರಡು ಸಾರಿ… ಹಿಂದಿನ ಸಾಲಲ್ಲೊಂದು ಕೈ. ಇವಳದು!
ಕೂಗುವವನ ಮನೆಯವರು ಸವಾಲು ಹಾಕುವ ಹಾಗಿಲ್ಲ — ನಾನೇ ಮಾಡಿದ ಕಟ್ಟುಪಾಡು. ಯಾರೋ ರೇಗಿಸಿದರು, "ಅಮ್ಮಾ, ಸಾಮಾನು ಹೇಗೂ ನಿಮ್ಮ ಮನೆಯವರ ಕೈಲೇ ಇದೆಯಲ್ಲ!"
"ಸಾಮಾನು ಯಾರಿಗೆ ಬೇಕು? ಹೊಸ ಸವಾಲು ಬಂದರೆ ಮೊದಲಿಂದ ಕೂಗಬೇಕು ತಾನೇ? ಕೂಗಲಿ."
ಕಟ್ಟುಪಾಡು ಬದಿಗಿಟ್ಟೆ. ಕೂಗಿದೆ. ಮೇಷ್ಟ್ರಿಗೆ ಅರ್ಥವಾಯ್ತು, ಅವರೂ ಏರಿಸಿದರು. ಇವಳೂ. ಮತ್ತೆ ಒಂದು ಸಾರಿ, ಮತ್ತೆ ಒಂದು ಸಾರಿ… ದನಿ ಪೂರ್ತಿ ಒಡೆದ ಮೇಲೇ ಇವಳು ಕೈ ಇಳಿಸಿದ್ದು. ಮೇಷ್ಟ್ರಿಗೆ ಭಾರೀ ದುಬಾರಿ ಬಿತ್ತು. ಮುಖದಲ್ಲಿ ನಷ್ಟದ ಗುರುತೇ ಇಲ್ಲ.

ಮಾರ್ಚ್ ೧೪, ಬೆಳಿಗ್ಗೆ, ವಾರ್ಡಿನಲ್ಲಿ
"ಏನಾದ್ರೂ ಹೇಳಿ," ಅಂದಳು. ಬದುಕೆಲ್ಲ ಮಾತು ಮಾರಿದವನ ಬಾಯಿಗೆ ಬಂದದ್ದು ಹರಾಜಿನ ಕೂಗೇ. "ಒಂದು ಸಾರಿ," ಅಂದೆ. ಇವಳು ಕೈ ಎತ್ತಿದಳು. ಮತ್ತೆ ಮೊದಲಿಂದ. ಒಂದು ಸಾರಿ. ಮತ್ತೆ ಕೈ. ಎರಡಕ್ಕೆ ಹೋಗಲು ಬಿಡಲೇ ಇಲ್ಲ, ಕಿಲಾಡಿ.
ಸ್ಟ್ರೆಚರ್ ಬಂತು. ನರ್ಸ್ ಪೆನ್ನು ಕೆಳಗಿಡಿ ಅಂತಿದಾರೆ. ಇವಳ ಕೈ ಇನ್ನೂ ಮೇಲೇ —